ಮೂಕಿ ಚಿತ್ರದಲ್ಲಿ ಮಂಗಳೂರಿನ ಮಗಳು

1913ರಲ್ಲಿ ತೆರೆ ಕಂಡ ದಾದಾಸಾಹೇಬ್ ಫಾಲ್ಕೆ ಅವರ ‘ರಾಜಾ ಹರಿಶ್ಚಂದ್ರ’ ಚಿತ್ರದಲ್ಲಿ ತಾರಾಮತಿಯಾಗಿ ನಟಿಸಿದ್ದು ಸಾಳುಂಕೆ ಎಂಬ ಗಂಡಸು. ಎಷ್ಟು ಹುಡುಕಿದರೂ ಆ ಪಾತ್ರಕ್ಕೆ ಹೆಣ್ಣು ಸಿಕ್ಕಿರಲಿಲ್ಲ. ಸಿನಿಮಾದಲ್ಲಿ ಮುಖ ತೋರಿಸಿದರೆ ಮನೆತನದ ಮಾನ ಹೋಯಿತೆಂದು ಜನ ನಂಬಿದ್ದ ಕಾಲವದು. ಅಂಥ ಕಾಲದಲ್ಲೇ ಸುಶಿಕ್ಷಿತ ಮನೆತನದ ಕನ್ನಡ ನಾಡಿನ ಹೆಣ್ಣುಮಗಳೊಬ್ಬರು ಮೂಕಿ ಚಿತ್ರದಲ್ಲಿ ನಟಿಸಿದರು. ಅವರೇ ಕಮಲಾದೇವಿ ಚಟ್ಟೋಪಾಧ್ಯಾಯ.

ಕಮಲಾದೇವಿ ಹುಟ್ಟಿದ್ದು 1903ರ ಏಪ್ರಿಲ್ 3ರಂದು, ಮಂಗಳೂರಿನಲ್ಲಿ. ತಂದೆ ಸರ್ಕಾರದ ದೊಡ್ಡ ಅಧಿಕಾರಿ. ಮಗಳು ಚಿಕ್ಕವಳಿರುವಾಗಲೇ ಅವರು ತೀರಿಕೊಂಡರು. ಅಂದಿನ ಕಾನೂನಿನಂತೆ ಆಸ್ತಿಯೆಲ್ಲ ಮಲಮಗನ ಪಾಲಾಯಿತು. ಹದಿನಾಲ್ಕರ ವಯಸ್ಸಿನಲ್ಲಿ ಕಮಲಾದೇವಿಯ ಮದುವೆ. ಎರಡೇ ವರ್ಷದಲ್ಲಿ ವೈಧವ್ಯ. ಬೇರೆ ಮನೆಯಾಗಿದ್ದರೆ ಅವರ ಬದುಕು ಮೂಲೆ ಸೇರುತ್ತಿತ್ತು. ಆದರೆ ಅವರು ಓದು ಬಿಡಲಿಲ್ಲ. ಮದರಾಸಿನ ಕ್ವೀನ್ ಮೇರಿಸ್ ಕಾಲೇಜು ಸೇರಿದರು. ಮುಂದೆ ಹೈದರಾಬಾದಿನ ಕವಿ, ನಾಟಕಕಾರ ಹರೀಂದ್ರನಾಥ ಚಟ್ಟೋಪಾಧ್ಯಾಯರನ್ನು ವರಿಸಿದರು. ವಿಧವೆಯ ಮರುಮದುವೆ, ಅದೂ ಬೇರೆ ಭಾಷೆಯವರೊಂದಿಗೆ! ಟೀಕೆಗಳಿಗೆ ಅವರು ಅಂಜಲಿಲ್ಲ.

1930ರ ಆಸುಪಾಸಿನಲ್ಲಿ ಮೋಹನ ಭವನಾನಿ ನಿರ್ದೇಶಿಸಿದ ‘ಮೃಚ್ಛಕಟಿಕ’ದಲ್ಲಿ ಕಮಲಾದೇವಿ ಅಭಿನಯಿಸಿದರು. ಶೂದ್ರಕನ ಸಂಸ್ಕೃತ ನಾಟಕವೇ ಅದರ ಕಥೆ. ನಮ್ಮ ಟಿ.ಪಿ. ಕೈಲಾಸಂ ಕೂಡ ಅದರಲ್ಲಿದ್ದರು. ಸಹನಟಿ ಏಣಾಕ್ಷಿ ರಾಮರಾವ್ ಅದಕ್ಕೆ ಮೊದಲು, 1928ರಲ್ಲಿ, ಜರ್ಮನಿಯ ಫ್ರಾಂಜ್ ಓಸ್ಟನ್ ನಿರ್ದೇಶಿಸಿದ ‘ಶಿರಾಜ್’ನಲ್ಲಿ ನಟಿಸಿದ್ದವರು. ಮೂಕಿ ಚಿತ್ರದ ನಟಿಗೆ ಸಂಭಾಷಣೆಯ ಆಸರೆಯಿಲ್ಲ. ಕಣ್ಣು, ಹುಬ್ಬು, ಕೈಬೆರಳುಗಳೇ ಮಾತಾಡಬೇಕು. ನಡುನಡುವೆ ತೆರೆಯ ಮೇಲೆ ಬರಹ ಮೂಡಿ ಕಥೆ ತಿಳಿಸುತ್ತಿತ್ತು. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ ಬಂದಿದ್ದು 1934ರಲ್ಲಿ.

ತೆರೆಯ ಮೇಲೆ ಮೂಕಿಯಾದರೂ ಹೊರಗೆ ಕಮಲಾದೇವಿ ಮೌನಿಯಲ್ಲ. 1926ರಲ್ಲೇ ಮದರಾಸು ಶಾಸನಸಭೆಯ ಚುನಾವಣೆಗೆ ನಿಂತು, ಅಲ್ಪ ಮತಗಳಿಂದ ಸೋತಿದ್ದರು. ಉಪ್ಪಿನ ಸತ್ಯಾಗ್ರಹಕ್ಕೆ ಹೆಂಗಸರೂ ಬರಬೇಕೆಂದು ಗಾಂಧೀಜಿಯವರನ್ನೇ ಒಪ್ಪಿಸಿದರು. 1930ರಲ್ಲಿ ಮುಂಬಯಿಯ ಷೇರುಪೇಟೆಗೆ ನುಗ್ಗಿ ಉಪ್ಪಿನ ಪೊಟ್ಟಣ ಮಾರಿದರು, ಸೆರೆಮನೆಯನ್ನೂ ಕಂಡರು.

ಸ್ವಾತಂತ್ರ್ಯ ಬಂದ ಮೇಲೆ ಅವರ ಗಮನ ಹರಿದದ್ದು ಕುಶಲಕರ್ಮಿಗಳ ಕಡೆಗೆ. 1952ರಲ್ಲಿ ಅಖಿಲ ಭಾರತ ಕರಕುಶಲ ಮಂಡಳಿಯ ಅಧ್ಯಕ್ಷೆಯಾದರು. ಸತು-ತಾಮ್ರದ ಮೇಲೆ ಬೆಳ್ಳಿ ಕೂರಿಸಿ, ಕೋಟೆಯ ಮಣ್ಣಿನಿಂದ ಕಪ್ಪು ಬರಿಸುವ ನಮ್ಮ ಬೀದರಿನ ಬಿದ್ರಿಯಂಥ ಕಲೆಗಳು ದೇಶದ ಆಸ್ತಿ ಎಂಬ ಅರಿವು ಬೆಳೆಯಲು ದುಡಿದವರಲ್ಲಿ ಅವರು ಮುಖ್ಯರು. 1966ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ, 1987ರಲ್ಲಿ ಪದ್ಮವಿಭೂಷಣ ಬಂದವು. 1988ರ ಅಕ್ಟೋಬರ್ 29ರಂದು ಅವರು ನಿಧನರಾದರು.

ಸಿನಿಮಾ ಅವರ ಬದುಕಿನ ಒಂದು ಸಣ್ಣ ಅಧ್ಯಾಯ ಮಾತ್ರ. ಆದರೆ ನಾಲ್ಕು ಜನ ಏನೆಂದಾರು ಎಂದು ಹೆದರದ ಗುಣ ಅಲ್ಲೂ ಇತ್ತು, ಸೆರೆಮನೆಯಲ್ಲೂ ಇತ್ತು. ಶಾಲೆಯ ನಾಟಕದಲ್ಲಿ ಪಾತ್ರ ಮಾಡುತ್ತೇನೆಂದು ಮಗಳು ಕೇಳಿದಾಗ, ಪರೀಕ್ಷೆಯ ನೆಪ ಹೇಳುವ ಮೊದಲು ತಂದೆತಾಯಿಗಳು ಕಮಲಾದೇವಿಯನ್ನು ನೆನೆಯಬಹುದು.