ಹಾಸನದ ಮಣ್ಣಿಗೆ ಬಂದ ಆಸ್ಟ್ರೇಲಿಯಾದ ಮರಗಳು

ಹಾಸನ ಜಿಲ್ಲೆಯಲ್ಲಿ ಹೆಜ್ಜೆಹೆಜ್ಜೆಗೂ ಕಾಣುವ ಮರಗಳ ಪೈಕಿ ನಾಲ್ಕಕ್ಕೆ ಆಸ್ಟ್ರೇಲಿಯಾ ತವರು: ಸಿಲ್ವರ್, ಅಕೇಶಿಯಾ, ಸರ್ವೆ, ನೀಲಗಿರಿ. ಅಕೇಶಿಯಾ ಮತ್ತು ಸರ್ವೆಯ ತವರಿನ ಎಲ್ಲೆ ಪಪುವಾ ನ್ಯೂಗಿನಿ, ಇಂಡೋನೇಷ್ಯಾದ ದ್ವೀಪಗಳವರೆಗೂ ಚಾಚಿದೆ. ಉಳಿದೆರಡು ಬಹುಮಟ್ಟಿಗೆ ಆ ಖಂಡದವೇ. ಸಕಲೇಶಪುರದಿಂದ ಹಾಸನ, ಶಾಂತಿಗ್ರಾಮ ದಾಟಿ ಚನ್ನರಾಯಪಟ್ಟಣಕ್ಕೆ ಹೋಗುವ ಹೆದ್ದಾರಿಯ ಉದ್ದಕ್ಕೂ ಇವು ಸರದಿಯಂತೆ ಬರುತ್ತವೆ. ಮಳೆ 2000 ಮಿಲಿಮೀಟರ್ ದಾಟುವ ಕಾಫಿ ಸೀಮೆಯಲ್ಲಿ ಸಿಲ್ವರ್, ಅರೆಮಲೆನಾಡಿನ ದಿಣ್ಣೆಗಳಲ್ಲಿ ಅಕೇಶಿಯಾ, ಮಳೆ 700ರ ಆಸುಪಾಸಿಗೆ ಇಳಿಯುವ ಬಯಲಿನಲ್ಲಿ ರಾಗಿ ಹೊಲದ ಪಕ್ಕದ ನೀಲಗಿರಿ ತೋಪು.

ಆಸ್ಟ್ರೇಲಿಯಾದಲ್ಲಿ ಮನುಷ್ಯರು ಕನಿಷ್ಠ 50,000 ವರ್ಷಗಳಿಂದ ಬಾಳಿದ್ದಾರೆ. 1788ರಲ್ಲಿ ಬ್ರಿಟಿಷರು ನೆಲೆಯೂರುವ ಹೊತ್ತಿಗೆ ಅಲ್ಲಿನ ಮೂಲನಿವಾಸಿಗಳು 250ಕ್ಕೂ ಹೆಚ್ಚು ಭಾಷೆಗಳನ್ನಾಡುತ್ತಿದ್ದರು. ಮರಗಿಡಗಳ ಬಳಕೆಯೂ ಅಷ್ಟೇ ಬಗೆಬಗೆಯದು. ಒಂದು ಸೀಮೆಯ ಪದ್ಧತಿ ಇನ್ನೊಂದರಲ್ಲಿ ಇರಲೇಬೇಕೆಂದಿಲ್ಲ. ಆದರೂ ಒಂದು ಮಾತು ಹೇಳಬಹುದು: ಹಾಸನದವರಿಗೆ ಈ ಮರಗಳೆಂದರೆ ನೆರಳು, ಸೌದೆ, ಗಳ, ಮೂಲನಿವಾಸಿಗಳಿಗೆ ತೊಗಟೆ, ಬೇರು, ಹೂವು, ಬೀಜ, ಅಂಟು, ಕೊನೆಗೆ ಗೆದ್ದಲು ತಿಂದ ಪೊಟರೆಯೂ ಬೇಕಾಗಿತ್ತು.

ಸಿಲ್ವರ್ ಮರ ದಕ್ಷಿಣ ಕ್ವೀನ್ಸ್‌ಲ್ಯಾಂಡ್ ಮತ್ತು ಉತ್ತರ ನ್ಯೂ ಸೌತ್ ವೇಲ್ಸ್‌ನ ಮಳೆಕಾಡುಗಳದ್ದು, ಅಲ್ಲಿನ ಹೊಳೆ ದಂಡೆಗಳದ್ದು. ಗ್ರೆವಿಲಿಯ ಎಂಬ ಕುಲಕ್ಕೆ ಸೇರಿದ ಇದರ ಎಲೆ ಜರಿಗಿಡದಂತೆ ಸೀಳುಸೀಳಾಗಿದ್ದು, ಅಡಿಭಾಗ ಬೆಳ್ಳಿಯ ಬಣ್ಣ. ಆಸ್ಟ್ರೇಲಿಯಾದ ಹಳೆಯ ಮಣ್ಣಿನಲ್ಲಿ ರಂಜಕ ತೀರಾ ಕಡಿಮೆ. ಅಲ್ಲಿ ಬದುಕಲು ಈ ಜಾತಿಯ ಮರಗಳು ಬ್ರಷ್ಷಿನಂತೆ ಒತ್ತಾದ ಬೇರಿನ ಗೊಂಚಲುಗಳನ್ನು ಬಿಟ್ಟು, ಅವುಗಳಿಂದ ಆಮ್ಲ ಒಸರಿಸಿ, ಮಣ್ಣಿನ ಕಣಕ್ಕೆ ಅಂಟಿಕೊಂಡ ರಂಜಕವನ್ನು ಬಿಡಿಸಿಕೊಳ್ಳುತ್ತವೆ. ಬಡ ಮಣ್ಣಿನಲ್ಲೂ ಸಿಲ್ವರ್ ಸರಸರ ಏಳುವುದಕ್ಕೆ ಇದೂ ಒಂದು ಕಾರಣ.

ಗ್ರೆವಿಲಿಯ ಹೂಗಳಲ್ಲಿ ಮಕರಂದ ಹೇರಳ. ಮೂಲನಿವಾಸಿಗಳು ಹೂಗೊಂಚಲನ್ನು ಅಂಗೈ ಮೇಲೆ ಕೊಡವಿ ನೆಕ್ಕುತ್ತಿದ್ದರು, ಇಲ್ಲವೇ ಕೂಲಮನ್ ಎಂಬ ಮರದ ದೋಣಿಯಂಥ ಪಾತ್ರೆಯಲ್ಲಿ ನೀರಿಗೆ ಅದ್ದಿ ಸಿಹಿ ಪಾನಕ ಮಾಡುತ್ತಿದ್ದರು. ಇದನ್ನು ಓದಿ ತೋಟದ ಸಿಲ್ವರ್ ಹೂವಿಗೆ ಬಾಯಿ ಹಾಕುವುದು ಬೇಡ. ಆ ಕುಲದ ಎಲ್ಲ ಹೂವೂ ಒಂದೇ ಅಲ್ಲ. ಸಿಲ್ವರ್‌ನ ಹೂವು, ಕಾಯಿಗಳಲ್ಲಿ ಸಯನೈಡ್ ಹುಟ್ಟಿಸುವ ಅಂಶವಿದೆ. ಯಾವುದನ್ನು ಹೀರಬಹುದು, ಯಾವುದನ್ನು ಬಿಡಬೇಕು ಎಂಬುದು ಅಲ್ಲಿನವರಿಗೆ ತಲೆಮಾರುಗಳಿಂದ ಬಂದ ತಿಳಿವಳಿಕೆ.

ಕಾಫಿ ತೋಟದಲ್ಲಿ ಮೊದಲಿನಿಂದ ನೆರಳು ಕೊಟ್ಟವು ಅತ್ತಿ, ಬಸರಿ, ಹಲಸು, ನಂದಿ, ಮತ್ತಿಗಳಂಥ ಕಾಡುಮರಗಳು. ಸಿಲ್ವರ್ ಅವುಗಳ ನಡುವೆ ನುಗ್ಗಿದ್ದಕ್ಕೆ ಲೆಕ್ಕಾಚಾರ ಸರಳ. ನೆಟ್ಟಗೆ ಬೆಳೆಯುತ್ತದೆ, ಮೆಣಸಿನ ಬಳ್ಳಿ ಹಬ್ಬಿಸಲು ಅನುಕೂಲ, ಪ್ಲೈವುಡ್‌ಗೆ ಬೇಡಿಕೆಯಿದೆ. ಎಲ್ಲಕ್ಕಿಂತ ಮುಖ್ಯವಾಗಿ, ಕಾಡುಮರ ಕಡಿಯಲು ಅರಣ್ಯ ಇಲಾಖೆಗೆ ಅಲೆಯಬೇಕಾದಂತೆ ಇದಕ್ಕೆ ಅಲೆಯಬೇಕಾಗಿಲ್ಲ. ನಾಡಮರವನ್ನು ಉಳಿಸಲೆಂದು ಮಾಡಿದ ಕಾನೂನು ತೋಟದಲ್ಲಿ ಪರದೇಶದ ಮರಕ್ಕೆ ದಾರಿ ಮಾಡಿಕೊಟ್ಟಂತಾಯಿತು.

ಅಕೇಶಿಯಾದ ಕಥೆ ಬೇರೆ. ಆಸ್ಟ್ರೇಲಿಯಾದಲ್ಲಿ ಈ ಕುಲದ ಸುಮಾರು 1000 ಪ್ರಭೇದಗಳಿವೆ; ಮಳೆಕಾಡಿನ ಅಂಚಿನಿಂದ ಮರುಭೂಮಿಯವರೆಗೆ ಅವಿಲ್ಲದ ಜಾಗವಿಲ್ಲ. ಕರ್ನಾಟಕದಲ್ಲಿ ಅರಣ್ಯ ಇಲಾಖೆ ನೆಟ್ಟ, ಕಿವಿಯಂತೆ ಸುರುಳಿ ಸುತ್ತಿದ ಕಾಯಿಯ ಪ್ರಭೇದ ಆ ಖಂಡದ ಉತ್ತರ ತುದಿಯ ಬೆಚ್ಚನೆಯ ತಗ್ಗು ನೆಲದ್ದು. ಎಲೆಯಂತೆ ಕಾಣುವುದು ಎಲೆಯಲ್ಲ, ಚಪ್ಪಟೆಯಾದ ತೊಟ್ಟು.

ಒಳನಾಡಿನ ಒಣಸೀಮೆಯಲ್ಲಿ ಅಕೇಶಿಯಾ ಬೀಜ ಹೊಟ್ಟೆ ತುಂಬಿಸುವ ಕಾಳಾಗಿತ್ತು. ಹೆಂಗಸರು ಒಣಗಿದ ಕಾಯಿಗಳನ್ನು ಬಡಿದು, ಕೂಲಮನ್‌ನಲ್ಲಿ ಕೇರಿ ಸಿಪ್ಪೆ ಬೇರೆ ಮಾಡುತ್ತಿದ್ದರು. ಬೀಜದ ಹೊರಗವಚ ಕಲ್ಲಿನಷ್ಟು ಗಟ್ಟಿಯಾದ್ದರಿಂದ ಬಿಸಿ ಮರಳು, ಕೆಂಡದ ನಡುವೆ ಹೊರಳಾಡಿಸಿ ಹುರಿಯಬೇಕು. ಆಮೇಲೆ ಚಪ್ಪಟೆ ಕಲ್ಲಿನ ಮೇಲೆ ನೀರು ಚಿಮುಕಿಸುತ್ತ ಅರೆದು, ಆ ಹಿಟ್ಟನ್ನು ಹಾಗೇ ತಿನ್ನುತ್ತಿದ್ದರು, ಇಲ್ಲವೇ ಬೂದಿಯಲ್ಲಿ ಸುಟ್ಟು ರೊಟ್ಟಿ ಮಾಡುತ್ತಿದ್ದರು. ಬೀಜದಲ್ಲಿ ಪ್ರೋಟೀನು ಚೆನ್ನಾಗಿದೆ, ಬರಗಾಲದಲ್ಲೂ ಗಿಡ ಕೈಬಿಡುವುದಿಲ್ಲ. ಈ ಅರಿವನ್ನೇ ಆಧರಿಸಿ ಆಫ್ರಿಕದ ನೈಜರ್ ದೇಶದ ಮರಾಡಿ ಸೀಮೆಯಲ್ಲಿ ಕೆಲವು ಆಸ್ಟ್ರೇಲಿಯನ್ ಅಕೇಶಿಯಾಗಳನ್ನು ಆಹಾರದ ಬೆಳೆಯಾಗಿ ಪ್ರಯೋಗಿಸಿದರು. ಉತ್ತರದ ಒಂದು ಪ್ರಭೇದದ ಕಾಯಿಯನ್ನು ನೀರಿನಲ್ಲಿ ಉಜ್ಜಿದರೆ ನೊರೆ ಬರುತ್ತದೆ; ಅಲ್ಲಿನವರು ಅದರಿಂದ ಕೈ ತೊಳೆಯುತ್ತಿದ್ದರು. ತಲೆಗೆ ಸೀಗೆಕಾಯಿ ಹಾಕಿ ಬೆಳೆದವರಿಗೆ ಇದು ಹೊಸದೇನಲ್ಲ: ಸೀಗೆಯೂ ಅಕೇಶಿಯಾದ ಹತ್ತಿರದ ನೆಂಟ, ನೊರೆ ಬರಿಸುವುದು ಎರಡರಲ್ಲೂ ಸಪೋನಿನ್ ಎಂಬ ವಸ್ತುವೇ.

ಸರ್ವೆ ಮರ ಕಡಲ ದಂಡೆಯದ್ದು. ಸೂಜಿಯಂತೆ ಕಾಣುವುದು ಗಿಣ್ಣುಗಿಣ್ಣಾದ ಹಸಿರು ಕಡ್ಡಿ. ನಿಜವಾದ ಎಲೆ ಪ್ರತಿ ಗಿಣ್ಣಿನ ಸುತ್ತ ಹಲ್ಲಿನಂತೆ ಸಣ್ಣಗಿರುತ್ತದೆ. ಕರ್ನಾಟಕದಲ್ಲಿ ಇದು ಮೊದಲು ಹಬ್ಬಿದ್ದು 19ನೇ ಶತಮಾನದಲ್ಲಿ, ಕಾರವಾರದ ಕರಾವಳಿಯಲ್ಲಿ. ಬಯಲುಸೀಮೆಯಲ್ಲಿ ತಾರಸಿಗೆ ಸೆಂಟ್ರಿಂಗ್ ಹಾಕುವ ಗಳಕ್ಕಾಗಿ ಬೆಳೆಸುತ್ತಾರೆ. ಕಟ್ಟಿಗೆ ಬಲು ಗಟ್ಟಿ, ಒಣಗಿದರೆ ಮೊಳೆ ಇಳಿಯುವುದೇ ಕಷ್ಟ. ಇದರ ಹತ್ತಿರದ ಬಂಧುಗಳ ಕಟ್ಟಿಗೆಯಿಂದ ಮೂಲನಿವಾಸಿಗಳು ದೊಣ್ಣೆ, ಗುರಾಣಿ, ಬೂಮರಾಂಗ್ ಮಾಡುತ್ತಿದ್ದರು. ದಕ್ಷಿಣ ಆಸ್ಟ್ರೇಲಿಯಾದ ವೈರೀ ಜೌಗಿನಲ್ಲಿ 1973ರಲ್ಲಿ ಸಿಕ್ಕಿದ ಬೂಮರಾಂಗ್‌ಗಳು ಸುಮಾರು 10,000 ವರ್ಷ ಹಳೆಯವು, ಮಾಡಿದ್ದು ಸರ್ವೆಯ ಇಂಥ ಬಂಧುವೊಂದರ ಮರದಿಂದ.

ಶಾಂತಿಗ್ರಾಮದಿಂದ ಪೂರ್ವಕ್ಕೆ ಮಾತು ನೀಲಗಿರಿಯದೇ. ಇದು ಸೇರಿದ ಯೂಕಲಿಪ್ಟಸ್ ಕುಲದಲ್ಲಿ 700ಕ್ಕೂ ಹೆಚ್ಚು ಪ್ರಭೇದಗಳಿವೆ. ಒಂದು 100 ಮೀಟರ್ ಎತ್ತರಕ್ಕೆ ಹೋದರೆ ಇನ್ನೊಂದು ಪೊದೆಯಾಗಿಯೇ ಉಳಿಯುತ್ತದೆ. 1790ರ ಸುಮಾರಿಗೆ ಟಿಪ್ಪು ಸುಲ್ತಾನ್ ನಂದಿಬೆಟ್ಟದ ತೋಟದಲ್ಲಿ ಬಿತ್ತಿಸಿದ್ದೇ ಭಾರತದ ಮೊದಲ ನೀಲಗಿರಿ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಅಲ್ಲಿನ ಸಂತತಿಯಿಂದ ಬಂದ ಬೆರಕೆ ತಳಿಯೇ ‘ಮೈಸೂರು ಗಮ್’. 1950ರ ದಶಕದಿಂದ ರಾಜ್ಯದ ಬಯಲೆಲ್ಲ ತುಂಬಿದ್ದು ಬಹುಪಾಲು ಅದೇ. ಅದರ ಮೂಲ ಪ್ರಭೇದ ಪೂರ್ವ ಆಸ್ಟ್ರೇಲಿಯಾದ ಹೊಳೆ ಬದಿಯ ಮೆಕ್ಕಲು ಬಯಲಿನ ಮರ ಎಂಬುದನ್ನು ನೆನಪಿಡಬೇಕು. ಬುಡದಲ್ಲಿ ನೀರಿಟ್ಟುಕೊಂಡು ಬೆಳೆದ ಮರವನ್ನು ಇಲ್ಲಿ ಗೋಮಾಳಕ್ಕೂ ಖುಷ್ಕಿ ಹೊಲಕ್ಕೂ ತಂದು ನಿಲ್ಲಿಸಿದರು.

ಆಸ್ಟ್ರೇಲಿಯಾದ ದಕ್ಷಿಣದ ಒಣಸೀಮೆಯಲ್ಲಿ ಮಲ್ಲೀ ಎಂಬ ಗಿಡ್ಡ ಯೂಕಲಿಪ್ಟಸ್‌ಗಳಿವೆ. ಹೊಳೆಯೂ ಇಲ್ಲದ, ಕೆರೆಯೂ ಇಲ್ಲದ ಆ ನೆಲದಲ್ಲಿ ಮೂಲನಿವಾಸಿಗಳು ನೀರು ತೆಗೆಯುತ್ತಿದ್ದದ್ದು ಅವುಗಳ ಬೇರಿನಿಂದ. ನೆಲದ ಮೇಲ್ಪದರದಲ್ಲೇ ಅಡ್ಡಡ್ಡ ಹರಿದ ಉದ್ದನೆಯ ಬೇರನ್ನು ಗುರುತಿಸಿ, ಮೊನೆಕೋಲಿನಿಂದ ಮಣ್ಣು ಸರಿಸಿ ಎಬ್ಬಿಸುತ್ತಿದ್ದರು. ಮೊಳದುದ್ದದ ತುಂಡು ಮಾಡಿ, ತೊಗಟೆಯ ಪಾತ್ರೆಯಲ್ಲಿ ನೆಟ್ಟಗೆ ನಿಲ್ಲಿಸಿದರೆ ನೀರು ತೊಟತೊಟ ಇಳಿಯುತ್ತಿತ್ತು. ಎಲ್ಲ ಪ್ರಭೇದದ ಬೇರೂ ನೀರು ಕೊಡುವುದಿಲ್ಲ, ಕೊಡುವುದನ್ನು ಎಲೆ, ತೊಗಟೆ ನೋಡಿಯೇ ಹೇಳಬಲ್ಲವರಿದ್ದರು. ಹಾಸನದ ರೈತ ಬೋರ್‌ವೆಲ್ ಬತ್ತಿಸಿತೆಂದು ಬೈಯುವ ಕುಲದ ಮರಗಳೇ ಅಲ್ಲಿ ಬಾಯಾರಿಕೆಗೆ ಒದಗಿದವು.

ಮರ್ರೇ ನದಿಯ ಬದಿಯಲ್ಲಿ ದೊಡ್ಡ ಯೂಕಲಿಪ್ಟಸ್‌ನ ತೊಗಟೆಯನ್ನು ಒಂದೇ ಹಾಳೆಯಾಗಿ ಸುಲಿದು, ಬೆಂಕಿಯ ಬಿಸಿಗೆ ಬಗ್ಗಿಸಿ ದೋಣಿ ಮಾಡುತ್ತಿದ್ದರು. ಮರ ಸಾಯುತ್ತಿರಲಿಲ್ಲ, ಆ ಗಾಯದ ಉದ್ದನೆಯ ಗುರುತು ಹೊತ್ತ ಮರಗಳು ಇಂದಿಗೂ ಇವೆ. ಉತ್ತರದ ಆರ್ನೆಮ್ ಲ್ಯಾಂಡ್‌ನಲ್ಲಿ ಗೆದ್ದಲು ಒಳಗಿನಿಂದ ಟೊಳ್ಳು ಮಾಡಿದ ಕಾಂಡ ಹುಡುಕಿ ಯಿಡಕಿ ಎಂಬ ಊದುವ ವಾದ್ಯ ಮಾಡುತ್ತಾರೆ. ಹೊರಗೆ ಅದರ ಹೆಸರು ಡಿಜೆರಿಡೂ. ತೊಗಟೆಯಿಂದ ಒಸರುವ ಕೆಂಪು ಅಂಟನ್ನು ಗಾಯಕ್ಕೂ ಭೇದಿಗೂ ಬಳಸುತ್ತಿದ್ದರು. ನೆಗಡಿ, ಜ್ವರಕ್ಕೆ ಎಲೆಯ ಹಬೆ ತೆಗೆದುಕೊಳ್ಳುವ ಪದ್ಧತಿಯೂ ಇತ್ತು. 1852ರಲ್ಲಿ ಜೋಸೆಫ್ ಬೋಸಿಸ್ಟೊ ಎಂಬ ಔಷಧ ವ್ಯಾಪಾರಿ ಮೆಲ್ಬರ್ನ್ ಬಳಿ ಎಣ್ಣೆ ಭಟ್ಟಿ ಹೂಡಿದ. ಊಟಿಗೆ ಹೋದವರು ತಪ್ಪದೆ ತರುವ ನೀಲಗಿರಿ ಎಣ್ಣೆಯ ಸೀಸೆ ಆ ಉದ್ಯಮದ ಮುಂದುವರಿಕೆ. ನಾಲ್ಕು ಮರಗಳ ಅಷ್ಟೊಂದು ಉಪಯೋಗಗಳಲ್ಲಿ ಕನ್ನಡಿಗರ ಮನೆಯೊಳಗೆ ಬಂದದ್ದು ಬಹುಶಃ ಇದೊಂದೇ.

ಇಲ್ಲಿ ನೀಲಗಿರಿ ಹಬ್ಬಿದ್ದಕ್ಕೆ ಕಾರಣ ಔಷಧವಲ್ಲ. ದನ ಬಾಯಿ ಹಾಕುವುದಿಲ್ಲ, ಬೇಲಿ ಬೇಕಿಲ್ಲ, ಕೂಲಿಯಾಳು ಬೇಕಿಲ್ಲ, ಏಳೆಂಟು ವರ್ಷಕ್ಕೆ ಕಟಾವು, ಕಡಿದರೆ ಬೊಡ್ಡೆಯಿಂದ ಮತ್ತೆ ಚಿಗುರು. ಕಾಗದ ಮತ್ತು ರೇಯಾನ್ ಕಾರ್ಖಾನೆಗಳಿಗೆ ತಿರುಳು ಬೇಕಿತ್ತು. 1980ರ ದಶಕದಲ್ಲಿ ವಿಶ್ವಬ್ಯಾಂಕ್ ನೆರವಿನ ಸಾಮಾಜಿಕ ಅರಣ್ಯ ಯೋಜನೆ ಲಕ್ಷಾಂತರ ಸಸಿಗಳನ್ನು ಹಂಚಿತು. ಊರಲ್ಲಿರದ ಜಮೀನುದಾರರಿಗೆ ಇದಕ್ಕಿಂತ ಸಲೀಸಾದ ಬೆಳೆ ಇರಲಿಲ್ಲ. ವಿರೋಧವೂ ಜೊತೆಯಲ್ಲೇ ಹುಟ್ಟಿತು. 1983ರಲ್ಲಿ ತುಮಕೂರು ಜಿಲ್ಲೆಯ ರೈತರು ನರ್ಸರಿಯ ನೀಲಗಿರಿ ಸಸಿ ಕಿತ್ತು ಹುಣಸೆ, ಮಾವಿನ ಬೀಜ ಊರಿದರು. 1987ರ ನವೆಂಬರ್ 14ರಂದು ಆಗಿನ ಧಾರವಾಡ ಜಿಲ್ಲೆಯ ಕುಸನೂರಿನಲ್ಲಿ ನಡೆದ ‘ಕಿತ್ತಿಕೋ ಹಚ್ಚಿಕೋ’ ಸತ್ಯಾಗ್ರಹ ಇದೇ ಸಾಲಿನದು.

ನೀಲಗಿರಿ ನಿಜಕ್ಕೂ ನೀರು ಕುಡಿಯುತ್ತದೆಯೇ? 1980ರ ದಶಕದ ಕೊನೆಯಲ್ಲಿ ಬ್ರಿಟನ್ನಿನ ಜಲವಿಜ್ಞಾನ ಸಂಸ್ಥೆಯೊಂದು ಕರ್ನಾಟಕ ಅರಣ್ಯ ಇಲಾಖೆಯ ಜೊತೆ ಅಳೆದು ನೋಡಿತು. ಶಿವಮೊಗ್ಗ ಕಡೆಯ ಸಾಧಾರಣ ಆಳದ ಮಣ್ಣಿನಲ್ಲಿ ಅದು ಕುಡಿದದ್ದು ಪಕ್ಕದ ನಾಡಕಾಡಿನಷ್ಟೇ, ಆದರೆ ರಾಗಿಯ ಸುಮಾರು ಎರಡರಷ್ಟು. ಹೊಸಕೋಟೆಯ ಆಳವಾದ ಮಣ್ಣಿನಲ್ಲಿ ಮಾತ್ರ ಬಿದ್ದ ಮಳೆಗಿಂತಲೂ ಹೆಚ್ಚು ಎಳೆಯಿತು, ಅಂದರೆ ಬೇರು ಆಳಕ್ಕಿಳಿದು ಹಿಂದಿನ ವರ್ಷಗಳ ತೇವವನ್ನೂ ತೆಗೆಯಿತು. ರೈತರ ದೂರು ಬರೀ ಮಾತಲ್ಲ, ಎಲ್ಲ ಕಡೆಗೂ ಒಂದೇ ಸಮ ಅನ್ವಯಿಸುವುದೂ ಇಲ್ಲ. ಕಾಡು ಇದ್ದಲ್ಲಿ ನೀಲಗಿರಿ ಬಂದರೆ ನೀರಿನ ಲೆಕ್ಕ ಅಷ್ಟು ಏರುಪೇರಾಗದು, ರಾಗಿ ಇದ್ದಲ್ಲಿ ಬಂದರೆ ಆಗುತ್ತದೆ. ಶಾಂತಿಗ್ರಾಮ, ಚನ್ನರಾಯಪಟ್ಟಣದ ಕಡೆ ಬಂದದ್ದು ಹೆಚ್ಚಾಗಿ ರಾಗಿ ಇದ್ದಲ್ಲಿಗೆ.

2017ರಲ್ಲಿ ರಾಜ್ಯ ಸರ್ಕಾರ ನೀಲಗಿರಿ, ಅಕೇಶಿಯಾಗಳನ್ನು ಹೊಸದಾಗಿ ಬೆಳೆಸುವುದನ್ನು ನಿಷೇಧಿಸಿತು. ಇದ್ದ ನೀಲಗಿರಿ ತೋಪನ್ನು ಹೊಲ ಮಾಡಿಕೊಳ್ಳುವವರಿಗೆ ಮರ ಕಡಿಯುವುದು ಸುಲಭ, ಬೊಡ್ಡೆಯದ್ದೇ ಪಾಡು. ಆಸ್ಟ್ರೇಲಿಯಾದ ಕಾಳ್ಗಿಚ್ಚಿಗೆ ಒಗ್ಗಿ ಬೆಳೆದ ಕುಲವಿದು. ಮೇಲಿನದೆಲ್ಲ ಸುಟ್ಟರೂ ಬುಡದಲ್ಲಿ ಅಡಗಿದ ಮೊಗ್ಗು ಚಿಗುರುತ್ತದೆ. ಕೊಡಲಿ ಏಟಿಗೂ ಅದೇ ಜವಾಬು. ಜೆಸಿಬಿ ಕರೆಸಿ ಬೇರುಸಮೇತ ಎತ್ತಿಸದಿದ್ದರೆ ಮುಂದಿನ ಮುಂಗಾರಿಗೆ ಬೊಡ್ಡೆಯ ಸುತ್ತ ನಾಲ್ಕಾರು ಚಿಗುರು ಎದ್ದಿರುತ್ತವೆ.