ನಿಮಗಿದು ಗೊತ್ತೆ? ಥೈರಾಯ್ಡ್ ಮಾತ್ರೆಗೂ ಕಾಫಿಗೂ ಆಗಿಬರದು!

ಎದ್ದ ಕೂಡಲೇ ಥೈರಾಯ್ಡ್ ಮಾತ್ರೆ, ಅದರ ಬೆನ್ನಿಗೇ ಬಿಸಿಬಿಸಿ ಫಿಲ್ಟರ್ ಕಾಫಿ. ಹಲವು ಮನೆಗಳಲ್ಲಿ ಇದೇ ರೂಢಿ. ಆದರೆ ಥೈರಾಯ್ಡ್‌ಗೆ ಕೊಡುವ ಈ ಲಿವೊಥೈರಾಕ್ಸಿನ್ ಮಾತ್ರೆಯನ್ನು ಕರುಳು ಸರಿಯಾಗಿ ಹೀರಿಕೊಳ್ಳದಂತೆ ಕಾಫಿ ಅಡ್ಡಿ ಮಾಡುತ್ತದೆ. ಖಾಲಿ ಹೊಟ್ಟೆಯಲ್ಲಿ ನೀರಿನೊಂದಿಗೆ ಮಾತ್ರೆ ನುಂಗಿ, ಅರ್ಧದಿಂದ ಒಂದು ಗಂಟೆ ಬಿಟ್ಟು ಕಾಫಿ, ತಿಂಡಿ ಆಗಲಿ. ಕಬ್ಬಿಣಾಂಶ, ಕ್ಯಾಲ್ಸಿಯಂ ಮಾತ್ರೆಗಳಿಗಂತೂ 4 ಗಂಟೆಗಳ ಅಂತರ ಬೇಕು.

ಥೈರಾಯ್ಡ್ ಸಮಸ್ಯೆ ಇದ್ದವರು ಎಲೆಕೋಸು, ಹೂಕೋಸು ಮುಟ್ಟಲೇಬಾರದೆ? ಹಾಗೇನಿಲ್ಲ. ಥೈರಾಯ್ಡ್ ಗ್ರಂಥಿಯ ಅಯೋಡಿನ್ ಬಳಕೆಗೆ ತೊಡಕಾಗುವ ಅಂಶಗಳು ಅವುಗಳಲ್ಲಿದ್ದರೂ ಬೇಯಿಸಿದಾಗ ಸಾಕಷ್ಟು ತಗ್ಗುತ್ತವೆ. ಪಲ್ಯ ಮಾಡಿ ಹಿತಮಿತವಾಗಿ ತಿನ್ನಬಹುದು.

ವಯಸ್ಕರಿಗೆ ದಿನಕ್ಕೆ ಬೇಕಾದ ಅಯೋಡಿನ್ 150 ಮೈಕ್ರೊಗ್ರಾಂ, ಗರ್ಭಿಣಿಯರಿಗೆ 250. ಹಿಮಾಚಲದ ಕಾಂಗ್ರಾ ಕಣಿವೆಯಲ್ಲಿ 1956ರಲ್ಲಿ ಆರಂಭವಾದ ಅಧ್ಯಯನದಲ್ಲಿ ಡಾ. ವಿ. ರಾಮಲಿಂಗಸ್ವಾಮಿ ಮತ್ತು ಸಂಗಡಿಗರು ಜನರಿಗೆ ಅಯೋಡಿನ್ ಬೆರೆಸಿದ ಉಪ್ಪು ಒದಗಿಸಿದರು. ಅಯೋಡಿನ್ ಕೊರತೆಯಿಂದ ಥೈರಾಯ್ಡ್ ಗ್ರಂಥಿ ಊದಿಕೊಳ್ಳುವ ಗಳಗಂಡ ರೋಗ ಗಣನೀಯವಾಗಿ ಇಳಿಯಿತು. 1962ರಲ್ಲಿ ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮವೇ ಶುರುವಾಯಿತು. ತೇವ ತಾಗಿದರೆ ಉಪ್ಪಿನ ಅಯೋಡಿನ್ ಕಡಿಮೆಯಾಗುತ್ತದೆ. ಡಬ್ಬಿಯ ಮುಚ್ಚಳ ಬಿಗಿಯಾಗಿರಲಿ.

ಹಾಗೆಂದು ಹೆಚ್ಚು ಅಯೋಡಿನ್ ತಿಂದರೆ ಹೈಪೊಥೈರಾಯ್ಡಿಸಂ (ಥೈರಾಯ್ಡ್ ಹಾರ್ಮೋನ್ ಕೊರತೆ) ವಾಸಿಯಾಗದು. ರೋಗನಿರೋಧಕ ವ್ಯವಸ್ಥೆಯೇ ಥೈರಾಯ್ಡ್ ಗ್ರಂಥಿಯ ಮೇಲೆ ದಾಳಿ ಮಾಡುವ ಹಶಿಮೊಟೊ ಕಾಯಿಲೆ ಈ ಸಮಸ್ಯೆಗೆ ಒಂದು ಮುಖ್ಯ ಕಾರಣ. 1912ರಲ್ಲಿ ಜಪಾನಿನ ವೈದ್ಯ ಹಕಾರು ಹಶಿಮೊಟೊ ಇದನ್ನು ಮೊದಲು ವಿವರಿಸಿದರು. ಅತಿಯಾದ ಅಯೋಡಿನ್ ಇದನ್ನು ಉಲ್ಬಣಗೊಳಿಸಬಹುದು.

ದಿನವೂ ನಡಿಗೆ, ಸೊಪ್ಪು–ಕಾಳಿನ ಊಟ, ಸಾಕಷ್ಟು ನಿದ್ದೆ ಇದ್ದರೆ ತೂಕ, ಮಲಬದ್ಧತೆ ಹತೋಟಿಗೆ ಬರಲು ನೆರವಾಗುತ್ತದೆ. ಆದರೆ ಇವು ಮಾತ್ರೆಗೆ ಬದಲಿಯಲ್ಲ. ಕೂದಲಿಗೆಂದು ಬಯೋಟಿನ್ ಸೇವಿಸುತ್ತಿದ್ದರೆ ಥೈರಾಯ್ಡ್ ರಕ್ತಪರೀಕ್ಷೆಯ ಫಲಿತಾಂಶ ತಪ್ಪಾಗಬಹುದು. ವೈದ್ಯರಿಗೆ ಮೊದಲೇ ತಿಳಿಸಿ.