ಕಂಬ, ಕುಂದಾ, ಕುಲುಮೆ

ಇಟಲಿಯ ಮೊಡೆನಾ ನಗರಕ್ಕೆ ಹೋದ ಪ್ರವಾಸಿಗರು ಮೂರು ಬಗೆಯ ವೈಭವ ಕಂಡು ಬರುತ್ತಾರೆ. 1099ರಲ್ಲಿ ಕಟ್ಟಲಾರಂಭಿಸಿದ, ಶಿಲ್ಪಿ ವಿಲಿಜೆಲ್ಮೊನ ಕೆತ್ತನೆಗಳಿರುವ ಕೆಥೆಡ್ರಲ್ ಒಂದು. ದ್ರಾಕ್ಷಿರಸವನ್ನು ಕುದಿಸಿ, ಮರದ ಪೀಪಾಯಿಗಳಲ್ಲಿ ಕನಿಷ್ಠ 12 ವರ್ಷ ಮಾಗಿಸುವ ಬಾಲ್ಸಾಮಿಕ್ ವಿನೆಗರ್ ಇನ್ನೊಂದು. ಸಮೀಪದ ಮರನೆಲ್ಲೊದ ಫೆರಾರಿ ಕಾರು ಕಾರ್ಖಾನೆ ಮತ್ತೊಂದು. ಕಲೆ, ತಿನಿಸು, ಉದ್ಯಮ ಮೂರೂ ಒಂದೇ ಊರಿನ ಕೈಕಸುಬಿನ ಫಲ ಎಂದು ಅಲ್ಲಿನವರು ತೋರಿಸುತ್ತಾರೆ.

ಇಂಥ ಊರು ನಮ್ಮಲ್ಲಿಲ್ಲವೆ? ಖಂಡಿತ ಇದೆ. ಆದರೆ ಬೆಳಗಾವಿ ಎಂದೊಡನೆ ಬಹಳ ಮಂದಿಗೆ ನೆನಪಾಗುವುದು ಗಡಿ ತಕರಾರು, ವಿಧಾನಮಂಡಲದ ಚಳಿಗಾಲದ ಅಧಿವೇಶನ, ಇಲ್ಲವೆ ಗೋವಾಕ್ಕೆ ಹೋಗುವ ದಾರಿ.

ಪೇಟೆ ಸಾಕಿದ ಬಸದಿ

ಕೋಟೆಯೊಳಗಿನ ಕಮಲ ಬಸದಿಯಿಂದಲೇ ಆರಂಭಿಸಬಹುದು. ಸವದತ್ತಿಯ ರಟ್ಟರ ದೊರೆ ನಾಲ್ಕನೆಯ ಕಾರ್ತವೀರ್ಯನ ಮಂತ್ರಿ ಬೀಚಿರಾಜ 1204ರ ಸುಮಾರಿಗೆ ಇದನ್ನು ಕಟ್ಟಿಸಿದ. ಆಗ ಈ ಊರಿನ ಹೆಸರು ವೇಣುಗ್ರಾಮ. ಮಂಟಪದ ಛಾವಣಿಯಿಂದ ಕಲ್ಲಿನ ಕಮಲವೊಂದು ಕೆಳಮುಖವಾಗಿ ಅರಳಿ ನಿಂತಿದೆ. ಅದರ 72 ದಳಗಳು ಭೂತ, ವರ್ತಮಾನ, ಭವಿಷ್ಯತ್ ಕಾಲಗಳ 72 ತೀರ್ಥಂಕರರನ್ನು ಸೂಚಿಸುತ್ತವೆ ಎನ್ನುತ್ತಾರೆ. ಕೆಳಗಿರುವ ಕಂಬಗಳೋ ಕನ್ನಡಿಯಂತೆ ನುಣುಪು. ಚಾಲುಕ್ಯರ ಕಾಲದಿಂದ ಬಂದ ಈ ಬಗೆಯ ಕಂಬಗಳನ್ನು ತಿರುಗಣಿಗೆ ಏರಿಸಿ, ತಿರುಗುವ ಕಲ್ಲಿಗೆ ಉಳಿ ಹಿಡಿದು ಕಡೆಯುತ್ತಿದ್ದರು.

ಬಸದಿಗೆ ಸಂಬಂಧಿಸಿದ ಎರಡು ಶಾಸನಗಳು ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿವೆ. ಊರಿನ ವ್ಯಾಪಾರಿಗಳ ಜತೆಗೆ ಲಾಳ ಅಂದರೆ ಗುಜರಾತ್ ಕಡೆಯ ವರ್ತಕರು, ಮಲೆಯಾಳದ ವರ್ತಕರು ತಮ್ಮ ಸರಕಿನ ಮೇಲೆ ಬಸದಿಗೆ ಕಾಣಿಕೆ ಬಿಟ್ಟ ವಿವರ ಅವುಗಳಲ್ಲಿ ದೊರೆಯುತ್ತದೆ. ಕಲೆಯನ್ನು ಸಾಕಿದ್ದು ಅರಮನೆಯೊಂದೇ ಅಲ್ಲ, ಪೇಟೆಯೂ ಹೌದು ಎಂಬುದಕ್ಕೆ ಇದು ಸಾಕ್ಷಿ.

ಮನದ ಮಂಡಿಗೆಯಲ್ಲ

ಇನ್ನು ತಿನಿಸು. ಹಾಲನ್ನು ಸಣ್ಣ ಉರಿಯಲ್ಲಿ ಗಂಟೆಗಟ್ಟಲೆ ಬತ್ತಿಸಿ, ಸಕ್ಕರೆ ಸೇರಿಸಿ ಕಂದುಬಣ್ಣ ಬರುವವರೆಗೆ ಕೆದಕಿದರೆ ಕುಂದಾ. ಒಲೆಯ ಮೇಲೆ ಮರೆತುಬಿಟ್ಟ ಹಾಲಿನಿಂದ ಇದು ಹುಟ್ಟಿತು ಎಂಬ ಕಥೆ ಊರಲ್ಲಿ ಪ್ರಚಲಿತ. ಕುಂದಾದ ಹೆಸರು ದೂರದೂರಕ್ಕೆ ಹೋಗಿದೆ. ಅಷ್ಟು ಹೆಸರಾಗದ ಇನ್ನೊಂದು ತಿನಿಸು ಮಾಂಡೆ. 'ಮನದಲ್ಲೇ ಮಂಡಿಗೆ ತಿಂದರು' ಎಂದು ನಾವು ಹಾಸ್ಯ ಮಾಡುತ್ತೇವಲ್ಲ, ಅದೇ ಮಂಡಿಗೆ. ಕಣಕವನ್ನು ಕೈಮೇಲೆ ಬೀಸಿ ಬೀಸಿ ತೆಳ್ಳಗೆ ಹಿಗ್ಗಿಸಿ, ಸೌದೆ ಒಲೆಯ ಮೇಲೆ ಬೋರಲು ಹಾಕಿದ ಮಡಕೆಯ ಬೆನ್ನಿಗೆ ಹರಡಿ ಸುಡುತ್ತಾರೆ. ಸಕ್ಕರೆಪುಡಿ, ಖೋವಾ ಹಾಕಿ ಮಡಚುತ್ತಾರೆ. ಕಾದ ಮಡಕೆಯ ಉಬ್ಬಿಲ್ಲದೆ ಮಾಂಡೆ ಇಲ್ಲ.

ಮಣ್ಣಿನ ಖಾನಾಪುರ

ಮಡಕೆಯ ಮಾತು ಬಂದರೆ ಖಾನಾಪುರಕ್ಕೆ ಹೋಗಬೇಕು. ಬೆಳಗಾವಿಯಿಂದ ಸುಮಾರು 26 ಕಿ.ಮೀ. ಮಲಪ್ರಭೆ ಹುಟ್ಟುವ ಕಣಕುಂಬಿ, ಕದಂಬರ ಹಲಸಿ ಎರಡೂ ಈ ತಾಲ್ಲೂಕಿನವೇ. ಇಲ್ಲಿನ ಕೆಂಪು ಜೇಡಿಮಣ್ಣು ಹಂಚು, ಇಟ್ಟಿಗೆ, ಮಡಕೆಗಳಿಗೆ ಹೆಸರುವಾಸಿ. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗ ಕುಂಬಾರಿಕೆಯ ತರಬೇತಿ ಸಂಸ್ಥೆಯನ್ನು ಖಾನಾಪುರದಲ್ಲಿ ತೆರೆದದ್ದು ಆಕಸ್ಮಿಕವೇನಲ್ಲ.

ಮೂರನೆಯ ಮುಖ ಬೆಳಗಾವಿಯ ಉದ್ಯಮಬಾಗದಲ್ಲಿದೆ. ಇಲ್ಲಿನ ಫೌಂಡ್ರಿಗಳಲ್ಲಿ ಜೇಡಿ ಬೆರೆಸಿದ ಮರಳಿನ ಅಚ್ಚಿಗೆ ಕರಗಿದ ಕಬ್ಬಿಣ ಹೊಯ್ಯುತ್ತಾರೆ. ಆರಿದ ಎರಕ ಲೇತ್ ಏರಿ ಎಂಜಿನ್, ಪಂಪು, ವಾಹನಗಳ ಬಿಡಿಭಾಗವಾಗುತ್ತದೆ. ಹುಕ್ಕೇರಿ ತಾಲ್ಲೂಕಿನ ಹತ್ತರಗಿಯಲ್ಲಿ ವಿಮಾನದ ಬಿಡಿಭಾಗಗಳೂ ತಯಾರಾಗುತ್ತವೆ. ಎಂಟುನೂರು ವರ್ಷಗಳ ಹಿಂದೆ ಕಂಬ ಕಡೆದ ತಿರುಗಣಿ, ಕುಂಬಾರನ ತಿಗರಿ, ಇಂದಿನ ಲೇತ್ ಮೂರರ ತತ್ವವೂ ಒಂದೇ: ವಸ್ತು ತಿರುಗಬೇಕು, ಕೈ ನಿಲ್ಲಬೇಕು. ಯಂತ್ರಕ್ಕೆ ಕಂಪ್ಯೂಟರು ಬಂದ ಮೇಲೂ ಈ ತತ್ವ ಬದಲಾಗಿಲ್ಲ.

ಉಳಿಯುವುದು ಯಾವುದು?

ಈ ಮೂರರ ಗತಿ ಮಾತ್ರ ಒಂದೇ ಅಲ್ಲ. ಬಸದಿಯ ಕಲ್ಲು ಎಂಟು ಶತಮಾನ ತಾಳಿದೆ, ಮುಂದೆಯೂ ತಾಳೀತು. ಫೌಂಡ್ರಿಗೆ ಆರ್ಡರು ಬರುವವರೆಗೆ ಕುಲುಮೆ ಆರದು. ಆದರೆ ಆರ್‌ಸಿಸಿ ತಾರಸಿ ಹಂಚಿನ ಜಾಗ ಹಿಡಿದಿದೆ. ಸ್ಟೀಲು, ಪ್ಲಾಸ್ಟಿಕ್ಕು ಮಡಕೆಯನ್ನು ಅಡುಗೆಮನೆಯಿಂದ ಹೊರಗಟ್ಟಿವೆ. ಸೌದೆಯ ಹೊಗೆ, ಉರಿಯ ಮುಂದೆ ಕುಳಿತು ಮಾಂಡೆ ಬೀಸುವ ಕೆಲಸಕ್ಕೆ ಹೊಸ ಕೈಗಳು ಸುಲಭವಾಗಿ ಸಿಗುವುದಿಲ್ಲ. ಕೈಯಲ್ಲೇ ಇರುವ ವಿದ್ಯೆಗೆ ಶಾಸನವಿಲ್ಲ. ಕಲಿಸುವವರು ಹೋದರೆ ವಿದ್ಯೆಯೂ ಹೋದಂತೆ.

ಮೊಡೆನಾದವರು ವಿನೆಗರನ್ನು ಉಳಿಸಿಕೊಂಡದ್ದು ಅದಕ್ಕೊಂದು ಕಟ್ಟುನಿಟ್ಟಾದ ನಿಯಮ, ಮರ್ಯಾದೆ, ಒಳ್ಳೆಯ ಬೆಲೆ ಕೊಟ್ಟು. ವೇಣುಗ್ರಾಮದ ವರ್ತಕರು ಬಸದಿಗಾಗಿ ಮಾಡಿದ್ದೂ ಬಹುಮಟ್ಟಿಗೆ ಇದನ್ನೇ. ಗೋವಾ ದಾರಿಯಲ್ಲಿ ಕುಂದಾ ಕಟ್ಟಿಸಿಕೊಂಡು ಮುಂದೆ ಸಾಗುವವರು ಒಂದು ದಿನ ತಡೆದು ಕಮಲ ಬಸದಿ ನೋಡಿ, ಮಾಂಡೆ ತಿಂದು, ಖಾನಾಪುರದ ಒಂದು ಮಡಕೆ ಕೊಂಡರೆ ಊರಿಗೆ ಸಲ್ಲುವ ಕಾಣಿಕೆ ಅದೇ.